ಮ್ಯಾಸಚೂಸೆಟ್ಸ್ ಸಂಸ್ಥಾನವೂ ಅದರ ವಿದ್ಯಾಶಾಲೆಗಳೂ

ಅಮೆರಿಕಾ ದೇಶಕ್ಕೆ ವ್ಯಾಸಂಗಾರ್ಥವಾಗಿ ಹೊರಡುವ ತರುಣರ ಬಾಯಲ್ಲಿ ಬಾಸ್ಟನ್ ಪಟ್ಟಣದ ಹೆಸರನ್ನು ನಾವು ಪದೇ ಪದೇ ಕೇಳುತ್ತೇವೆ. ಆ ಪಟ್ಟಣವನ್ನು ರಾಜಧಾನಿಯನ್ನಾಗಿ ಉಳ್ಳ ಮ್ಯಾಸಚೂಸೆಟ್ಸ್ ಸಂಸ್ಥಾನವು ಭೂಪಟದಲ್ಲಿ ದೊಡ್ಡದೇನೂ ಅಲ್ಲ. ಅದರ ನೆಲದ ವಿಸ್ತಾರ ಸುಮಾರು 7,800 ಚದರ ಮೈಲಿ. ಹಿಂದಿನ ಮೈಸೂರು ಸಂಸ್ಥಾನದ ಕಾಲುಭಾಗಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಸುಮಾರು 70 ಲಕ್ಷ. ಇಷ್ಟು ಕಿರಿದಾದ ನಾಡಿನಲ್ಲಿ 2023-24ನೆಯ ವರ್ಷ ಓದುತ್ತಿದ್ದ ಪರದೇಶದ ವಿದ್ಯಾರ್ಥಿಗಳು 80,000ಕ್ಕೂ ಮಿಗಿಲು. ಇವರನ್ನು ಅಲ್ಲಿಗೆ ಸೆಳೆದದ್ದು ಯಾವುದು? ನೆಲದ ಸಿರಿಯಂತೂ ಅಲ್ಲ.

ಅಲ್ಲಿಯ ನೆಲ ಬಡವಾದದ್ದು. ಸುಮಾರು 20,000 ವರ್ಷಗಳ ಹಿಂದೆ ಆ ಪ್ರದೇಶವೆಲ್ಲವೂ ಮಹತ್ತಾದ ಹಿಮರಾಶಿಯ ಕೆಳಗೆ ಹುದುಗಿದ್ದಿತು. ಹಿಮವು ಕರಗಿ ಹಿಂದೆ ಸರಿದಾಗ, ತಾನು ಉಜ್ಜಿ ತಂದಿದ್ದ ಕಲ್ಲುಮರಳನ್ನು ಅಲ್ಲಲ್ಲಿಯೇ ಬಿಟ್ಟುಹೋಯಿತು. ಮಡಿಸಿದ ತೋಳಿನಂತೆ ಸಮುದ್ರಕ್ಕೆ ಚಾಚಿಕೊಂಡಿರುವ ಕೇಪ್ ಕಾಡ್ ಭೂಶಿರವು ಆ ರಾಶಿಯಿಂದಲೇ ಆದದ್ದು. ಒಳನಾಡಿನ ಒಕ್ಕಲಿಗನಿಗೆ ಪ್ರತಿ ವಸಂತದಲ್ಲಿಯೂ ಹೊಲದಿಂದ ಹೊಸ ಕಲ್ಲುಗಳು ಮೇಲೆದ್ದು ಬರುತ್ತಿದ್ದುವು. ಅವನ್ನು ಆಯ್ದು ಕಟ್ಟಿದ ಗೋಡೆಗಳು, ಆ ಹೊಲಗಳು ಕಾಡಾಗಿಹೋದ ಮೇಲೂ ಮರಗಳ ನಡುವೆ ನಿಂತಿವೆ.

ವಾಂಪನೋಗ್ ಮೊದಲಾದ ಮೂಲನಿವಾಸಿಗಳ ಈ ನಾಡಿಗೆ 1620ರಲ್ಲಿ ಇಂಗ್ಲೆಂಡಿನ ಧರ್ಮನಿಷ್ಠರ ಒಂದು ಗುಂಪು ಬಂದು ಪ್ಲಿಮತ್ತಿನಲ್ಲಿ ನೆಲೆಸಿತು. 1630ರಲ್ಲಿ ಬಾಸ್ಟನ್ ಹುಟ್ಟಿತು. ಮನೆಗಳು ನೆಟ್ಟಗಾಗುವುದಕ್ಕೆ ಮೊದಲೇ, 1635ರಲ್ಲಿ ಪಾಠಶಾಲೆ, 1636ರಲ್ಲಿ ಹಾರ್ವರ್ಡ್ ಕಾಲೇಜು! ಐವತ್ತು ಮನೆಗಳುಳ್ಳ ಊರು ಉಪಾಧ್ಯಾಯನೊಬ್ಬನನ್ನು ಇಟ್ಟುಕೊಳ್ಳತಕ್ಕದ್ದೆಂದು 1647ರಲ್ಲಿ ಕಟ್ಟಳೆಯಾಯಿತು. ಇದರ ಹಿಂದಿದ್ದದ್ದು ಇಂದಿನ ಅರ್ಥದ ಉದಾರಭಾವವೆಂದು ಭಾವಿಸಲಾಗದು. ಜನರನ್ನು ಧರ್ಮಗ್ರಂಥದಿಂದ ದೂರವಿಡುವುದೇ ಸೈತಾನನ ಹೂಟವೆಂದು ಆ ಕಟ್ಟಳೆಯ ಪೀಠಿಕೆಯೇ ಹೇಳುತ್ತದೆ. ಬೇರೆ ಮತದವರನ್ನು ಗಲ್ಲಿಗೇರಿಸಿದವರೂ ಇವರೇ. ಆದರೂ ಓದು ಕಲಿತವನು ಒಂದೇ ಗ್ರಂಥಕ್ಕೆ ಕಟ್ಟುಬಿದ್ದಿರುವನೆ? 1773ರಲ್ಲಿ ಚಹದ ಪೆಟ್ಟಿಗೆಗಳನ್ನು ಬಾಸ್ಟನ್ನಿನ ಬಂದರಿನ ನೀರಿಗೆ ಎಸೆದದ್ದೂ, 1775ರಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಸ್ವಾತಂತ್ರ್ಯಯುದ್ಧ ಮೊದಲಾದದ್ದೂ ನಮ್ಮ ಕೇಳುಗರಿಗೆ ಗೊತ್ತಿರುವ ಸಂಗತಿಗಳೇ.

ಹೊಟ್ಟೆಪಾಡಿಗೆ ಕಡಲೇ ಗತಿಯಾಯಿತು. ಕಾಡ್ ಮೀನಿನ ಮರದ ಪ್ರತಿಮೆಯೊಂದು ಇಂದಿಗೂ ಅಲ್ಲಿಯ ಶಾಸನಸಭೆಯಲ್ಲಿ ತೂಗುತ್ತಿದೆ. ನ್ಯೂ ಬೆಡ್‌ಫರ್ಡ್ ಬಂದರಿನ ನಾವೆಗಳು ತಿಮಿಂಗಿಲದ ಎಣ್ಣೆಗಾಗಿ ಸಾಗರಗಳನ್ನೆಲ್ಲ ಅಲೆದುವು. ಎಲ್ಲಕ್ಕೂ ವಿಚಿತ್ರವಾದದ್ದು ಹಿಮದ ವ್ಯಾಪಾರ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಕೊಯ್ಸಿದ್ದ ಹಿಮಗಡ್ಡೆಯಲ್ಲಿ 180 ಟನ್ನುಗಳನ್ನು, ಬಿಸಿ ತಾಕದಂತೆ ಹುದುಗಿಸಿ, ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳ ಪಯಣದ ತರುವಾಯ ಅದರಲ್ಲಿ ಸುಮಾರು 100 ಟನ್ನು ಉಳಿದಿತ್ತು! ಮದರಾಸಿನ ಕಡಲತೀರದ ‘ಐಸ್ ಹೌಸ್’ ಕಟ್ಟಡ ಈ ಸರಕಿಗಾಗಿಯೇ ಎದ್ದದ್ದು. 1897ರಲ್ಲಿ ಸ್ವಾಮಿ ವಿವೇಕಾನಂದರು ಇಳಿದುಕೊಂಡದ್ದು ಅಲ್ಲಿಯೇ. 1893ರಲ್ಲಿ ಅವರಿಗೆ ಷಿಕಾಗೋ ಸಮ್ಮೇಳನಕ್ಕೆ ಪರಿಚಯಪತ್ರ ಕೊಟ್ಟವರು ಹಾರ್ವರ್ಡಿನ ಪ್ರಾಧ್ಯಾಪಕ ರೈಟ್ ಎಂಬುದನ್ನೂ ಇಲ್ಲಿ ನೆನೆಯಬಹುದು.

ಸೀಮೆಎಣ್ಣೆ ಬಂದು ತಿಮಿಂಗಿಲದ ಎಣ್ಣೆ ಕೆಟ್ಟಿತು. ಯಂತ್ರಗಳು ಬಂದು ಹಿಮದ ವ್ಯಾಪಾರ ಕೆಟ್ಟಿತು. ಲೋವೆಲ್ ಪಟ್ಟಣದ ಹತ್ತಿಗಿರಣಿಗಳೂ ಇಪ್ಪತ್ತನೆಯ ಶತಮಾನದಲ್ಲಿ ಅಗ್ಗದ ಕೂಲಿಯ ದಕ್ಷಿಣ ಸೀಮೆಗೆ ಸೋತುವು. ಒಂದೊಂದು ಕಸುಬು ಮುಳುಗಿದಾಗಲೂ ಮುಳುಗದೆ ಉಳಿದದ್ದು ವಿದ್ಯಾಶಾಲೆ. 1861ರಲ್ಲಿ ಸ್ಥಾಪಿತವಾದ ಎಂ.ಐ.ಟಿ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಸಂಶೋಧನೆಯ ಕೇಂದ್ರವಾಯಿತು. ಅದರ ಬೆನ್ನಿಗೆ ಗಣಕಯಂತ್ರದ ಉದ್ಯಮಗಳು ಬೆಳೆದುವು, ಆಮೇಲೆ ಔಷಧಗಳವು. ಕೋವಿಡ್ ಲಸಿಕೆಯಿಂದ ಹೆಸರಾದ ಮಾಡರ್ನಾ ಕಂಪೆನಿ 2010ರಲ್ಲಿ ಹುಟ್ಟಿದ್ದು ಎಂ.ಐ.ಟಿ. ಇರುವ ಕೇಂಬ್ರಿಜ್ ಊರಿನಲ್ಲಿಯೇ. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರ ಕೊಡುಗೆಯಿಂದ 2002ರಲ್ಲಿ ಎಂ.ಐ.ಟಿ.ಯೊಳಗೆ ಒಂದು ನವಶೋಧ ಕೇಂದ್ರವೇ ನೆಲೆಗೊಂಡಿತು. ರಾಘವಾಂಕನ ಹರಿಶ್ಚಂದ್ರಕಾವ್ಯದ ಇಂಗ್ಲಿಷ್ ಅನುವಾದವನ್ನು 2017ರಲ್ಲಿ ಅಚ್ಚುಮಾಡಿದ್ದು ಹಾರ್ವರ್ಡಿನ ಮುದ್ರಣಾಲಯ.

ಪರದೇಶದವರನ್ನು ನೆಚ್ಚಿದ ಈ ಏರ್ಪಾಡಿಗೆ ಅಪಾಯವಿಲ್ಲದಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಹಾರ್ವರ್ಡಿಗೆ ಪರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅಧಿಕಾರವನ್ನೇ ರದ್ದುಮಾಡಿತು. ಬಾಸ್ಟನ್ನಿನ ನ್ಯಾಯಾಲಯವು ಮರುದಿನವೇ ಅದನ್ನು ತಡೆಹಿಡಿದರೂ, ಅಲ್ಲಿದ್ದ ಸುಮಾರು 6,800 ಮಂದಿ ಪರದೇಶಿಗಳ ಮನೆಗಳಲ್ಲಿ ಆ ರಾತ್ರಿ ಎಷ್ಟು ಜನ ನಿದ್ದೆಗೆಟ್ಟರೋ!

ಇನ್ನು ಹಣದ ಮಾತು. ಮೊದಲ ಪದವಿಗೆ ಸೇರಿಸಿಕೊಳ್ಳುವಾಗ ಹಾರ್ವರ್ಡ್, ಎಂ.ಐ.ಟಿ., ಆಮ್‌ಹರ್ಸ್ಟ್ ಈ ಮೂರೂ ಪರದೇಶದವರ ಹಣದ ಅನುಕೂಲವನ್ನು ಲೆಕ್ಕಿಸದೆ ಆರಿಸಿ, ಕೊರತೆಯನ್ನು ತಾವೇ ತುಂಬುತ್ತವೆ. ಆದರೆ ಅಲ್ಲಿ ಸ್ಥಳ ಸಿಕ್ಕುವವರು ಬಹಳ ವಿರಳ. ವಿಜ್ಞಾನದ ಡಾಕ್ಟರೇಟಿಗೆ ಸಾಮಾನ್ಯವಾಗಿ ವೇತನ ದೊರೆಯುತ್ತದೆ. ನಮ್ಮವರು ಹೆಚ್ಚಾಗಿ ಅರಸುವ ಎಂ.ಎಸ್. ಪದವಿಗಾದರೋ ಬಹುಮಟ್ಟಿಗೆ ಕೈಯಿಂದಲೇ ವೆಚ್ಚ. ಮನೆಯ ಮೇಲೆ ಸಾಲ ಎತ್ತಲು ಹೊರಟಿರುವ ತಂದೆತಾಯಿಗಳು ವಿದ್ಯಾಶಾಲೆಯ ಹೆಸರಿಗಿಂತ ಮೊದಲು, ಸಹಾಯಧನದ ಮೊತ್ತವೂ ಅವಧಿಯೂ ಬರೆಹದಲ್ಲಿ ಬಂದಿದೆಯೆ ಎಂಬುದನ್ನು ನೋಡಬೇಕೆಂದು ನಮ್ಮ ಸೂಚನೆ.