ಸ್ತನ ಕಿರಿದಾಗಿಸುವ ಶಸ್ತ್ರಚಿಕಿತ್ಸೆ: ಆಸ್ಪತ್ರೆಗೆ ಹೋಗುವ ಮೊದಲು ತಿಳಿದಿರಲಿ

ಕಾಸರಗೋಡು: ಇಡೀ ದಿನ ಬಾಗಿ ಕುಳಿತು ಬೀಡಿ ಕಟ್ಟುವವರಿಗೆ, ಅಡಿಕೆ ಸುಲಿಯುವವರಿಗೆ ಬೆನ್ನು ನೋವು ಹೊಸತಲ್ಲ. ಎಣ್ಣೆ ತಿಕ್ಕಿ ಬಿಸಿನೀರು ಸ್ನಾನ ಮಾಡಿದರೆ ಕಡಿಮೆಯಾಗುತ್ತದೆ. ಆದರೆ ಕೆಲವು ಮಹಿಳೆಯರಿಗೆ ಕೆಲಸ ಬಿಟ್ಟರೂ ನೋವು ಬಿಡುವುದಿಲ್ಲ. ಭುಜದಲ್ಲಿ ಬ್ರಾ ಪಟ್ಟಿ ಕೊರೆದ ಗುರುತು, ಸ್ತನದ ಅಡಿಯಲ್ಲಿ ಆಗಾಗ ತುರಿಕೆ, ಬೆವರಿನಿಂದ ಹುಣ್ಣು. ಇದಕ್ಕೆ ಸ್ತನದ ಅತಿಭಾರವೇ ಕಾರಣವಾಗಿರಬಹುದು. ನಾಚಿಕೆಯಿಂದ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವವರೂ ಇದ್ದಾರೆ.

ಸ್ತನ ಕಿರಿದಾಗಿಸುವ ಆಪರೇಷನ್ ಬರೀ ಅಂದಕ್ಕಾಗಿ ಎಂಬ ಮಾತು ಸರಿಯಲ್ಲ. ಭಾರ ಇಳಿದಾಗ ಹೆಚ್ಚಿನವರಿಗೆ ಕತ್ತು, ಭುಜದ ನೋವು ಕಡಿಮೆಯಾಗುತ್ತದೆ. ಮುಲಾಮು, ಮಸಾಜಿನಿಂದ ಮಾತ್ರ ಸ್ತನ ಕಿರಿದಾಗುವುದಿಲ್ಲ, ಜಾಹೀರಾತು ನಂಬಿ ಹಣ ಕಳೆದುಕೊಳ್ಳಬೇಡಿ.

ಪೂರ್ತಿ ಅರಿವಳಿಕೆ ಕೊಟ್ಟು, ಹೆಚ್ಚಿನ ಕೊಬ್ಬು, ಗ್ರಂಥಿ ಮತ್ತು ಚರ್ಮವನ್ನು ತೆಗೆದು, ತೊಟ್ಟನ್ನು ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ಸಾಮಾನ್ಯವಾಗಿ 2ರಿಂದ 4 ಗಂಟೆ ಹಿಡಿಯುತ್ತದೆ. ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಮತ್ತೆ ಸ್ತನದ ಅಡಿಯ ಮಡಿಕೆಯಲ್ಲಿ, ಹೀಗೆ ದೋಣಿಯ ಲಂಗರಿನಂತೆ ಕಲೆ ಉಳಿಯುತ್ತದೆ. ಕಾಲ ಕಳೆದಂತೆ ಅದು ಮಾಸುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

ಮದುವೆಯಾಗದ ಹುಡುಗಿಯರು, ಇನ್ನೂ ಮಕ್ಕಳು ಬೇಕೆನ್ನುವವರು ಒಂದು ವಿಷಯ ಗಮನಿಸಬೇಕು. ಈ ಆಪರೇಷನ್ ಆದ ಮೇಲೆ ಕೆಲವರಿಗೆ ಎದೆಹಾಲು ಸಾಕಷ್ಟು ಬರುತ್ತದೆ, ಕೆಲವರಿಗೆ ಕಡಿಮೆ, ಕೆಲವರಿಗೆ ಬರುವುದೇ ಇಲ್ಲ. ಯಾರಿಗೆ ಹೇಗೆಂದು ಮೊದಲೇ ಖಚಿತವಾಗಿ ಹೇಳಲಾಗದು. ತೊಟ್ಟಿನ ಸ್ಪರ್ಶಜ್ಞಾನವೂ ಕಡಿಮೆಯಾಗಬಹುದು. ಹಾಗಾಗಿ ಹೆರಿಗೆ ಮುಗಿದು, ಮಗು ಹಾಲು ಬಿಟ್ಟು ಕೆಲವು ತಿಂಗಳ ಬಳಿಕ ಮಾಡಿಸುವುದು ಎಷ್ಟೋ ಮಂದಿಗೆ ಅನುಕೂಲ. ನೋವು ಸಹಿಸಲಾರದಷ್ಟಿದ್ದರೆ ಕಾಯಲೇಬೇಕೆಂದಿಲ್ಲ, ಆದರೆ ತಿಳಿದೇ ನಿರ್ಧರಿಸಬೇಕು. ತೂಕ ಇಳಿಸುವ ಯೋಚನೆಯಿದ್ದರೆ ಅದು ಮೊದಲಾಗಲಿ.

ಬೀಡಿ, ಸಿಗರೇಟು ಮಾತ್ರವಲ್ಲ, ಎಲೆಯಡಿಕೆಯ ಜತೆ ಹಾಕುವ ಹೊಗೆಸೊಪ್ಪನ್ನೂ ಕನಿಷ್ಠ 4 ವಾರ ಮೊದಲೇ ಬಿಡಬೇಕು. ನಮ್ಮ ಅಜ್ಜಿಯಂದಿರಿಗೆ ಇದು ಕಷ್ಟದ ಮಾತೇ! ಆದರೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯ ಒಣಗದೆ ತೊಟ್ಟಿನ ಚರ್ಮವೇ ಕೊಳೆಯುವ ಅಪಾಯವಿದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯ ವೈದ್ಯರಿಂದ ಮುಚ್ಚಿಡಬೇಡಿ. 40 ದಾಟಿದವರಿಗೆ ಮ್ಯಾಮೋಗ್ರಾಂ ಮಾಡಿಸಲು ಹೇಳುವುದುಂಟು. ತೆಗೆದ ಭಾಗದ ಲ್ಯಾಬ್ ವರದಿಯನ್ನೂ ಕೇಳಿ ಪಡೆಯಿರಿ.

ಆಪರೇಷನ್ ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪಡೆದವರೇ ಎಂದು ನೋಡಿಕೊಳ್ಳಿ. ವಿಮೆ ಇದ್ದವರು ಮೊದಲೇ ಕಂಪೆನಿಯನ್ನು ಕೇಳಬೇಕು. ಅಂದಕ್ಕಾಗಿ ಮಾಡುವ ಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ. ಆರೋಗ್ಯಕ್ಕೆ ಅಗತ್ಯವೆಂದು ವೈದ್ಯರು ಬರೆದುಕೊಟ್ಟರೂ ಕಂಪೆನಿ ಒಪ್ಪಿಯೇ ಒಪ್ಪುತ್ತದೆ ಎನ್ನುವಂತಿಲ್ಲ.

ಮನೆಗೆ ಬಂದ ಮೇಲೆ 4ರಿಂದ 6 ವಾರ ನೀರಿನ ಕೊಡ, ಹುಲ್ಲಿನ ಹೊರೆ ಎತ್ತುವಂತಿಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ಜ್ವರ, ಕೀವು, ಒಂದೇ ಬದಿಯಲ್ಲಿ ಹಠಾತ್ ಊತ, ತೊಟ್ಟು ಕಪ್ಪಾಗುವುದು, ಕಾಲು ಬಾವು, ಉಸಿರುಕಟ್ಟುವುದು ಕಂಡರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಂಗಳೂರಿನಲ್ಲಿ ಮಾಡಿಸಿಕೊಂಡವರು, ರಾತ್ರಿ ತೊಂದರೆಯಾದರೆ ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕೆಂದು ಡಿಸ್ಚಾರ್ಜ್ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಮಲಯಾಳಂ ಮಾತಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಬಹಳ. ಒಪ್ಪಿಗೆ ಪತ್ರ ಮಲಯಾಳಂ ಅಥವಾ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ವಿವರಿಸಲು ಕೇಳಿ, ಅರ್ಥವಾದ ಮೇಲೆಯೇ ಸಹಿ ಹಾಕಿ.