ಎಲೆಯ ಚೆಲುವಿನ ಹೋಯಾ ಬಳ್ಳಿ

ಊರು ಬಿಟ್ಟು ಬಂದು ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಹಿತ್ತಿಲಿನ ಹಂಬಲ ಇಲ್ಲದವರು ವಿರಳ. ಬೀದರ, ರಾಯಚೂರಿನ ಕಡೆಯವರಿಗೆ ಅಂಗಳದ ತುಳಸಿ, ಮಲ್ಲಿಗೆಯ ನೆನಪು. ಮಲೆನಾಡಿನವರಿಗೆ ಮನೆಯ ಸುತ್ತಲಿನ ಹಸುರಿನ ನೆನಪು. ಆದರೆ ಐದನೆಯ ಅಂತಸ್ತಿನ ಮನೆಗೆ ಹಿತ್ತಿಲು ಎಲ್ಲಿಂದ ಬಂದೀತು? ಇರುವುದು ಒಂದು ಕಿಟಕಿ, ಹೆಚ್ಚೆಂದರೆ ಒಂದು ಬಾಲ್ಕನಿ. ಅಷ್ಟೇ ಜಾಗದಲ್ಲಿ ವರ್ಷಗಟ್ಟಲೆ ಬಾಳಿ, ಹೂವಿಲ್ಲದ ದಿನಗಳಲ್ಲಿಯೂ ಎಲೆಯಿಂದಲೇ ಮನೆಗೆ ಶೋಭೆ ತರುವ ಬಳ್ಳಿಯೊಂದಿದೆ. ಅದೇ ಹೋಯಾ.

ಬೆಲೆ ಕೊಟ್ಟು ತಂದ ಈ ಬಳ್ಳಿ ಎರಡು ಮೂರು ತಿಂಗಳಲ್ಲೇ ಕೊಳೆತುಹೋಯಿತೆಂದು ಹೇಳುವವರುಂಟು. ಅವರು ಗಿಡವನ್ನು ಅಲಕ್ಷಿಸಿದವರಲ್ಲ. ಅಕ್ಕರೆಯಿಂದ ದಿನವೂ ನೀರೆರೆದವರು. ಹೀಗಾಗುವುದೇಕೆಂದು ತಿಳಿಯಬೇಕಾದರೆ ಮೊದಲು ಬಳ್ಳಿಯ ತವರನ್ನು ನೋಡಬೇಕು.

ಮರವೇ ಮನೆ

ಹೋಯಾ ಎಂಬ ಹೆಸರನ್ನು 1810ರಲ್ಲಿ ಇಟ್ಟವನು ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್. ಇಂಗ್ಲೆಂಡಿನ ನಾರ್ಥಂಬರ್‌ಲೆಂಡ್ ಡ್ಯೂಕನ ತೋಟದ ಮೇಲ್ವಿಚಾರಕನಾಗಿದ್ದ ಥಾಮಸ್ ಹೋಯ್‌ನ ಗೌರವಾರ್ಥವಾಗಿ ಇಟ್ಟ ಹೆಸರು ಅದು. ಹೆಸರು ಪರದೇಶದ್ದಾದರೂ ಬಳ್ಳಿ ಏಷ್ಯದ್ದೇ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಹೋಯಾ ವೈಟಿಯೈ ಮೊದಲಾದ ಜಾತಿಗಳು ಮರಗಳನ್ನು ಅಪ್ಪಿ ಬೆಳೆಯುತ್ತವೆ. ಎಕ್ಕ, ಕಣಗಿಲೆ, ನಂದಿಬಟ್ಟಲುಗಳ ಕುಟುಂಬಕ್ಕೆ ಸೇರಿದುದರಿಂದ ಚಿವುಟಿದರೆ ಹಾಲು ಒಸರುತ್ತದೆ.

ಮರದ ಮೇಲೆ ಬೆಳೆದರೂ ಇದು ಬಂದಳಿಕೆಯಲ್ಲ. ಬಂದಳಿಕೆ ಮರದ ರಸವನ್ನು ಹೀರುತ್ತದೆ. ಹೋಯಾ ಆಸರೆಯನ್ನಷ್ಟೇ ಪಡೆಯುತ್ತದೆ. ತೊಗಟೆಯ ಸಂದಿಯಲ್ಲಿ ಕೂಡಿದ ತರಗೆಲೆಯ ಪುಡಿಯೇ ಅದರ ಗೊಬ್ಬರ. ಮಳೆ ಬಂದಾಗ ಬೇರು ನೆನೆಯುತ್ತದೆ, ಗಾಳಿಗೆ ಬೇಗ ಒಣಗುತ್ತದೆ. ದಪ್ಪ ಎಲೆಯಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದು ಈ ಕಾರಣಕ್ಕೇ. ಇಂಥ ಬೇರನ್ನು ಸದಾ ಒದ್ದೆಯಾದ ಜಿಗಟು ಮಣ್ಣಿನಲ್ಲಿ ಹೂತರೆ ಉಸಿರು ಕಟ್ಟಿ ಕೊಳೆಯುತ್ತದೆ.

ಕುಂಡ ಮತ್ತು ನೀರು

ಆದಕಾರಣ ಕುಂಡ ಚಿಕ್ಕದಿರಲಿ, ತಳದಲ್ಲಿ ತೂತುಗಳಿರಲಿ; ಮಣ್ಣಿನ ಕುಂಡವಾದರೆ ಉತ್ತಮ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಸಣ್ಣ ಇಟ್ಟಿಗೆ ಚೂರು, ಇವುಗಳೊಡನೆ ಒಂದೆರಡು ಹಿಡಿ ಎರೆಗೊಬ್ಬರ ಬೆರೆಸಿದರೆ ಸಾಕು. ನರ್ಸರಿಯಿಂದ ಜೇಡಿಮಣ್ಣಿನಲ್ಲಿ ಬಂದ ಗಿಡವನ್ನು ಕೆಲವು ವಾರ ಹೊಸ ಜಾಗಕ್ಕೆ ಒಗ್ಗಲು ಬಿಟ್ಟು ಅನಂತರ ಬದಲಾಯಿಸತಕ್ಕದ್ದು.

ಎಲೆ ಸುಕ್ಕಾದರೆ ನೀರು ಸಾಲದೆಂದು ಎಲ್ಲರೂ ತಿಳಿಯುತ್ತಾರೆ. ಮೋಸ ಹೋಗುವುದು ಇಲ್ಲಿಯೇ. ಬಾಯಾರಿದ ಬಳ್ಳಿಯ ಎಲೆಯೂ ಸುಕ್ಕಾಗುತ್ತದೆ, ಬೇರು ಕೊಳೆತ ಬಳ್ಳಿಯ ಎಲೆಯೂ ಸುಕ್ಕಾಗುತ್ತದೆ. ಎರಡು ಬೆರಳಿನಷ್ಟು ಆಳಕ್ಕೆ ಮುಟ್ಟಿ ನೋಡಿ. ಒಣಗಿದ್ದರೆ ತೂತಿನಿಂದ ಇಳಿಯುವಷ್ಟು ನೀರು ಹಾಕಿ. ಒದ್ದೆಯಿದ್ದರೆ ಒಂದು ತೊಟ್ಟೂ ಬೇಡ. ಗಿಡವನ್ನು ಹೊರತೆಗೆದು ಕೊಳೆತ ಬೇರು ಕತ್ತರಿಸಿ, ಒಣ ಮಿಶ್ರಣದಲ್ಲಿ ಕೂಡಿಸಿ. ಬೋರಿನ ಗಡಸು ನೀರು ಎಲೆಯ ಮೇಲೆ ಬಿಳಿ ಕಲೆ ಉಳಿಸುತ್ತದೆ. ನೀರು ಶುದ್ಧಿ ಮಾಡುವ ಯಂತ್ರ ಹೊರಬಿಡುವ ನೀರು ಅದಕ್ಕಿಂತ ಗಡಸು. ಮಳೆನೀರು ಸಿಕ್ಕರೆ ಹಿಡಿದಿಡಿ.

ಈ ಊರಿನ ಹವೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿಯೂ ಒಣಗಿರುತ್ತದೆ. ಆಗ ಪಡುವಣ ಬಿಸಿಲಿನಿಂದ ಬಳ್ಳಿಯನ್ನು ಒಳಗೆ ಸರಿಸಿ, ಕುಂಡದ ಕೆಳಗೆ ಕಲ್ಲುಚೂರು ಹರಡಿದ ತಟ್ಟೆಯಲ್ಲಿ ನೀರಿಡಿ. ನೀರು ಕುಂಡದ ತಳಕ್ಕೆ ತಾಗದಿರಲಿ. ಬಾಲ್ಕನಿಯಲ್ಲಿ ಹವಾನಿಯಂತ್ರಣ ಯಂತ್ರ ಬಿಸಿಗಾಳಿ ಉಗುಳುವ ಕಡೆ ಎಂದಿಗೂ ತೂಗುಹಾಕಬೇಡಿ. ಮೂಡಣ ಕಿಟಕಿಯ ಎಳೆಬಿಸಿಲು ಬಹಳ ಹಿತ. ಮಳೆಗಾಲ ಬೆಳೆಯುವ ಕಾಲ. ತೆಳು ಗೊಬ್ಬರದ ನೀರನ್ನು ಆಗ ಕೊಡಬಹುದು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ.

ಯಾವುದನ್ನು ಕೊಳ್ಳಬೇಕು?

ಮೊದಲ ಸಲಕ್ಕೆ ಹೋಯಾ ಕಾರ್ನೋಸಾ ಒಳ್ಳೆಯದು. ಅದರಲ್ಲಿಯೇ ಎಲೆಯಂಚು ಕೆನೆಬಣ್ಣವಾದರೆ ಕ್ರಿಮ್ಸನ್ ಕ್ವೀನ್, ನಡುಭಾಗ ಕೆನೆಬಣ್ಣವಾದರೆ ಕ್ರಿಮ್ಸನ್ ಪ್ರಿನ್ಸೆಸ್. ಎಲೆ ಮುದುಡಿ ಹಗ್ಗ ಹೊಸೆದಂತಿರುವುದು ಕಂಪ್ಯಾಕ್ಟಾ. ಪ್ಯೂಬಿಕ್ಯಾಲಿಕ್ಸ್‌ನ ಎಲೆಗೆ ಬೆಳ್ಳಿ ಚುಕ್ಕೆ. ಬಣ್ಣದೆಲೆಯವಕ್ಕೆ ಬೆಳಕು ತುಸು ಹೆಚ್ಚು ಬೇಕು. ಹಿಮಾಲಯದ ತಂಪಿನಲ್ಲಿ ಬೆಳೆಯುವ ಲೀನಿಯರಿಸ್ ಇಲ್ಲಿಯ ಬೇಸಗೆಯನ್ನು ತಾಳುವುದು ಕಷ್ಟ.

ಹೃದಯದ ಆಕಾರದ ಒಂದೇ ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಉಡುಗೊರೆಗೆಂದು ಮಾರುತ್ತಾರೆ. ಅದು ಹೋಯಾ ಕೆರಿಯೈ. ಗೆಣ್ಣಿಲ್ಲದ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸುರಾಗಿರುವುದೇ ಹೊರತು ಸಾಮಾನ್ಯವಾಗಿ ಬಳ್ಳಿಯಾಗುವುದಿಲ್ಲ. ಬಳ್ಳಿ ಬೇಕಾದರೆ ಗೆಣ್ಣಿರುವ ತುಂಡನ್ನೇ ಕೇಳಿ ತೆಗೆದುಕೊಳ್ಳಿ.

ಎಲೆಯಿಲ್ಲದೆ ಉದ್ದಕ್ಕೆ ಚಾಚುವ ಕುಡಿಯನ್ನು ಕತ್ತರಿಸಬೇಡಿ. ಎಲೆ ಆಮೇಲೆ ಮೂಡುತ್ತದೆ. ಹೂವು ಉದುರಿದ ಮೇಲೂ ಅದರ ತೊಟ್ಟನ್ನು ಉಳಿಸಿ. ಮುಂದಿನ ಗೊಂಚಲು ಅಲ್ಲಿಯೇ ಬರುತ್ತದೆ. ಹಿಟ್ಟುತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ನೀರಿನಲ್ಲಿ ಕಲಸಿದ ಬೇವಿನೆಣ್ಣೆಯನ್ನು ಸಂಜೆ ಸಿಂಪಡಿಸಿ.

ಮಳೆಗಾಲದಲ್ಲಿ ಎರಡು ಗೆಣ್ಣಿನ ತುಂಡು ಕತ್ತರಿಸಿ, ಹಾಲು ಆರಿದ ಮೇಲೆ ಕೆಳಗಿನ ಗೆಣ್ಣು ಮುಚ್ಚುವಂತೆ ತೇವದ ತೆಂಗಿನ ನಾರಿನಲ್ಲಿ ನೆಟ್ಟರೆ ನಾಲ್ಕಾರು ವಾರದಲ್ಲಿ ಬೇರು ಬರುತ್ತದೆ. ಊರಿಗೆ ಹೋದಾಗ ಘಟ್ಟದ ಕಾಡಿನಿಂದ ಬಳ್ಳಿ ಕಿತ್ತು ತರುವ ಅಗತ್ಯವೇ ಇಲ್ಲ. ನಮ್ಮ ಒಂದು ಮನೆಯ ಬಳ್ಳಿ ಚೆನ್ನಾಗಿ ಬೆಳೆದರೆ ಹತ್ತು ಮನೆಗೆ ಸಾಲುವಷ್ಟು ತುಂಡು ಕೊಡುತ್ತದೆ. ಕೊಡುವಾಗ ದಿನವೂ ನೀರೆರೆಯಬೇಡಿರೆಂಬ ಮಾತನ್ನೂ ಜೊತೆಗೆ ಹೇಳಿ ಕೊಡಿ.