ಫೋನ್ ತೋರಿಸದ ರಸ್ತೆ



ನೀವು ‘ಕಾರ್ಸ್’ ಸಿನಿಮಾ ನೋಡಿದ್ದೀರಲ್ಲ? ಅದರಲ್ಲಿ ಹೊಸ ಹೆದ್ದಾರಿ ಬಂದಮೇಲೆ ಯಾರೂ ಬಾರದೆ ಸೊರಗಿಹೋದ ಪುಟ್ಟ ಊರೊಂದಿದೆ. ಅಂಥ ಊರುಗಳು ನಿಜವಾಗಿಯೂ ಇವೆ. ಕಳೆದ ರಜೆಯಲ್ಲಿ ಲಾಸ್ ಏಂಜಲೀಸ್ ಕಡೆಯಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವಾಗ ಅವುಗಳನ್ನು ನೋಡಿಕೊಂಡು ಹೋಗೋಣ ಎಂದು ನಾವು ನಿರ್ಧರಿಸಿದೆವು. ಆದರೆ ನಮ್ಮ ಫೋನ್ ಒಪ್ಪಲಿಲ್ಲ!

ಆ ರಸ್ತೆಯ ಹೆಸರು ರೂಟ್ 66. ಅದು ಅಧಿಕೃತವಾಗಿ ಹುಟ್ಟಿದ್ದು 1926ರ ನವೆಂಬರ್ 11ರಂದು. ಶಿಕಾಗೋದಿಂದ ಸಾಂಟಾ ಮೋನಿಕಾದವರೆಗೆ ಎಂಟು ರಾಜ್ಯಗಳನ್ನು ದಾಟುವ ಇದರ ಉದ್ದ ಸುಮಾರು 2,400 ಮೈಲಿ. 1930ರ ದಶಕದಲ್ಲಿ ಬರ ಮತ್ತು ಧೂಳಿನ ಬಿರುಗಾಳಿಗೆ ಸಿಕ್ಕಿ ಹೊಲ ಕಳೆದುಕೊಂಡ ಸಾವಿರಾರು ಕುಟುಂಬಗಳು ಇದೇ ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಬಂದವು. ಆಮೇಲೆ ಅಗಲವಾದ ಇಂಟರ್‌ಸ್ಟೇಟ್ ಹೆದ್ದಾರಿಗಳು ಬಂದವು. 1985ರಲ್ಲಿ ರೂಟ್ 66ರ ಹೆಸರನ್ನು ಅಧಿಕೃತ ಪಟ್ಟಿಯಿಂದಲೇ ತೆಗೆದುಹಾಕಿದರು.

ಅರಿಝೋನಾದ ಕಿಂಗ್‌ಮನ್‌ನಿಂದ ಸೆಲಿಗ್‌ಮನ್‌ಗೆ ಹೋಗಲು ಎರಡು ದಾರಿಗಳಿವೆ. ಇಂಟರ್‌ಸ್ಟೇಟ್ 40ರಲ್ಲಿ ಸುಮಾರು 70 ಮೈಲಿ, ಹಳೆಯ ರಸ್ತೆಯಲ್ಲಿ ಸುಮಾರು 87 ಮೈಲಿ. ಫೋನಿನಲ್ಲಿ ‘ಸೆಲಿಗ್‌ಮನ್’ ಎಂದು ಹಾಕಿದರೆ ಅದು ತೋರಿಸುವುದು ಮೊದಲನೆಯದನ್ನೇ. ಅದರದ್ದೇನೂ ತಪ್ಪಿಲ್ಲ. ಬೇರೆ ಏನೂ ಹೇಳದಿದ್ದರೆ ಅದು ಬೇಗ ತಲುಪುವ ದಾರಿಯನ್ನು ಹುಡುಕುತ್ತದೆ. ‘ಇವರಿಗೆ ಹಳೆಯ ಊರು ನೋಡಬೇಕಂತೆ’ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಕಿಂಗ್‌ಮನ್‌ನ ರೂಟ್ 66 ವಸ್ತುಸಂಗ್ರಹಾಲಯದ ಹತ್ತಿರ ಒಂದು ಕಾಗದದ ನಕ್ಷೆ ತೆಗೆದುಕೊಂಡೆವು. ಅಪ್ಪ ಡ್ರೈವ್ ಮಾಡುತ್ತಿದ್ದರು, ನಾನು ಮುಂದಿನ ಸೀಟಿನಲ್ಲಿ ನಕ್ಷೆ ಬಿಡಿಸಿಕೊಂಡು ಕೂತೆ. ಹದಿನಾರು ವರ್ಷದಲ್ಲಿ ನಾನು ಕಾಗದದ ನಕ್ಷೆ ಹಿಡಿದು ದಾರಿ ಹೇಳಿದ್ದು ಅದೇ ಮೊದಲು. ‘ಬಲಕ್ಕೆ’ ಎಂದು ಧೈರ್ಯವಾಗಿ ಹೇಳಿದೆ. ಐದು ನಿಮಿಷದ ಮೇಲೆ ಅಪ್ಪ ಕೇಳಿದರು: “ಪುಟ್ಟಾ, ನಾವು ಪೂರ್ವಕ್ಕೆ ಹೋಗ್ಬೇಕು ಅಲ್ವಾ? ಮತ್ತೆ ಬೆಳಗಿನ ಸೂರ್ಯ ಯಾಕೆ ನಮ್ಮ ಬೆನ್ನ ಹಿಂದೆ ಇದ್ದಾನೆ?”

ನಾನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೆ! ನಾವು ಎಲ್ಲಿದ್ದೇವೆ ಎಂದು ಕೊನೆಗೆ ಹೇಳಿದ್ದು ಫೋನಿನ ನೀಲಿ ಚುಕ್ಕೆ. ಹಿಂದಿನ ಸೀಟಿನಲ್ಲಿ ಅಮ್ಮ, ತಂಗಿ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಕಾರು ತಿರುಗಿಸಿ ಸರಿಯಾದ ದಾರಿ ಹಿಡಿದ ಮೇಲೆ ನಕ್ಷೆಯಲ್ಲಿ ಒಂದು ವಿಷಯ ಕಂಡಿತು. ಹಳೆಯ ರಸ್ತೆ ಬಿಲ್ಲಿನ ಹಾಗೆ ಉತ್ತರಕ್ಕೆ ಬಾಗುತ್ತದೆ, ಪಕ್ಕದಲ್ಲೇ ರೈಲು ಹಳಿಯೂ ಬಾಗುತ್ತದೆ. ಯಾಕೆ? ಹಳಿ ಹಾಕಿದವರಿಗೆ ಕಡಿದಾದ ಏರು ಇರಬಾರದಿತ್ತು, ಉಗಿಬಂಡಿಗೆ ನೀರೂ ಬೇಕಿತ್ತು. ಆಮೇಲೆ ಬಂದ ರಸ್ತೆ ಹಳಿಯ ಜೊತೆಗೇ ಸಾಗಿತು. ಪೀಚ್ ಸ್ಪ್ರಿಂಗ್ಸ್, ಅಂದರೆ ಬುಗ್ಗೆ ಎಂಬ ಹೆಸರಿರುವ ಊರು, ಆ ಬಾಗಿನಲ್ಲೇ ಇದೆ. ಇಂದು ಅದು ಹುವಾಲಪೈ ಬುಡಕಟ್ಟಿನ ಆಡಳಿತ ಕೇಂದ್ರ. ಫೋನಿನ ಪರದೆಯಲ್ಲಿ ನನಗೆ ಕಂಡಿದ್ದು ಮುಂದಿನ ತಿರುವು ಮಾತ್ರ. ರಸ್ತೆ ಹಾಗೇಕೆ ಹೋಗುತ್ತದೆ ಎಂದು ಅರ್ಥವಾಗಿದ್ದು ಇಡೀ ನಕ್ಷೆಯನ್ನು ಒಟ್ಟಿಗೆ ನೋಡಿದಾಗ.

ಸೆಲಿಗ್‌ಮನ್ ತಲುಪಿದ ಮೇಲೆ ಆ ಊರಿನ ಕಥೆ ತಿಳಿಯಿತು. 1978ರ ಸೆಪ್ಟೆಂಬರ್‌ನಲ್ಲಿ ಇಂಟರ್‌ಸ್ಟೇಟ್ 40 ತೆರೆದಾಗ ಊರಿನೊಳಗೆ ಬರುತ್ತಿದ್ದ ಕಾರುಗಳು ಇದ್ದಕ್ಕಿದ್ದಂತೆ ನಿಂತುಹೋದವು. ಅಂಗಡಿಗಳಿಗೆ ಗಿರಾಕಿಗಳೇ ಇಲ್ಲ. ಆ ಊರಿನ ಕ್ಷೌರಿಕ ಏಂಜಲ್ ಡೆಲ್ಗಡಿಯೊ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಕೆಲವರ ಜೊತೆ ಸೇರಿ ಸಂಘ ಕಟ್ಟಿದರು, ಇದನ್ನು ಐತಿಹಾಸಿಕ ರಸ್ತೆಯೆಂದು ಗುರುತಿಸುವಂತೆ ಮಾಡಿದರು. ಈಗ ಪ್ರವಾಸಿಗರು ಅಲ್ಲಿಗೆ ಹುಡುಕಿಕೊಂಡು ಹೋಗುತ್ತಾರೆ.

ಅಲ್ಲಿ ನಿಂತಾಗ ನನಗೆ ಅನ್ನಿಸಿತು: ಅಂದು ಹೆದ್ದಾರಿ ಒಂದೇ ಸಲ ಮಾಡಿದ್ದನ್ನು ನಮ್ಮ ಫೋನುಗಳು ದಿನವೂ ಮಾಡುತ್ತಿವೆ. ನಾವೆಲ್ಲರೂ ಬೇಗ ತಲುಪುವ ದಾರಿಯನ್ನೇ ಹಿಡಿದರೆ ಇಂಥ ಊರುಗಳು ನಮಗೆ ಕಾಣಿಸುವುದೇ ಇಲ್ಲ.

ಹಾಗಂತ ಜಿಪಿಎಸ್ ಬೇಡ ಎನ್ನುತ್ತಿಲ್ಲ. ಕಾಗದದ ನಕ್ಷೆಗೆ ಇವತ್ತು ಯಾವ ಸೇತುವೆ ಮುಚ್ಚಿದೆ ಎಂದು ಗೊತ್ತಿರುವುದಿಲ್ಲ. ನೀವು ಹೋಗುವುದಾದರೆ ಹೀಗೆ ಮಾಡಿ:

• ಹೊರಡುವ ಮೊದಲೇ ನಕ್ಷೆಯನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ. ಜಿಪಿಎಸ್ ಉಪಗ್ರಹಗಳಿಂದ ಕೆಲಸ ಮಾಡುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ಮರುಭೂಮಿಯಲ್ಲಿ ಕೈಕೊಡುವುದು ಇಂಟರ್ನೆಟ್‌ನಿಂದ ಬರಬೇಕಾದ ನಕ್ಷೆ.

• ಕೊನೆಯ ಊರನ್ನಷ್ಟೇ ಹಾಕಬೇಡಿ. ಹ್ಯಾಕ್‌ಬೆರಿ, ಪೀಚ್ ಸ್ಪ್ರಿಂಗ್ಸ್ ಹೀಗೆ ನಡುವಿನ ಊರುಗಳನ್ನೂ ಸೇರಿಸಿ. ಆಗ ಫೋನ್ ಹಳೆಯ ರಸ್ತೆಗೆ ಬರುತ್ತದೆ.

• ಪೆಟ್ರೋಲ್ ತುಂಬಿಸಿಕೊಳ್ಳಿ, ಕುಡಿಯುವ ನೀರು ಸಾಕಷ್ಟು ಇರಲಿ.

• ನಕ್ಷೆಯಲ್ಲಿ ಉತ್ತರ ಯಾವ ಕಡೆ ಇದೆ ಎಂದು ಮೊದಲು ನೋಡಿ. ನನ್ನ ಹಾಗೆ ಮಾಡಬೇಡಿ!

ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. 2026ರ ನವೆಂಬರ್ 11ಕ್ಕೆ ರೂಟ್ 66ಕ್ಕೆ ನೂರು ವರ್ಷ. ಮುಂದಿನ ಪ್ರವಾಸದಲ್ಲಿ, ಅದು ಯಾವ ರಸ್ತೆಯೇ ಆಗಿರಲಿ, ಒಂದು ಗಂಟೆಯ ಮಟ್ಟಿಗೆ ಮಕ್ಕಳ ಕೈಗೆ ಕಾಗದದ ನಕ್ಷೆ ಕೊಟ್ಟು ದಾರಿ ಹೇಳಲು ಬಿಡಿ. ಒಂದೆರಡು ತಿರುವು ತಪ್ಪಬಹುದು. ಪರವಾಗಿಲ್ಲ, ತಪ್ಪಿದ ಆ ಒಂದು ತಿರುವಿನಿಂದಲೇ ನಾನು ಪೂರ್ವ ಯಾವುದು ಎಂದು ಸೂರ್ಯನನ್ನು ನೋಡಿ ಹೇಳುವುದನ್ನು ಕಲಿತೆ.